ಸೀಟ್ ನಂಬರ್ ಇಲ್ಲದ ವಿಮಾನದಲ್ಲಿ ಮಕ್ಕಳ ಜೊತೆ

ಬೋರ್ಡಿಂಗ್ ಪಾಸ್‌ನಲ್ಲಿ ಹೆಸರಿದೆ, ಸಮಯವಿದೆ, ಗೇಟ್ ಇದೆ, ಸೀಟ್ ನಂಬರ್ ಮಾತ್ರ ಇಲ್ಲ. ಒಬ್ಬರೇ ಹೋಗುವವರು ಸಿಕ್ಕ ಕಡೆ ಕೂತು ಬಿಡುತ್ತಾರೆ. ಮೂರು ವರ್ಷದ ಮಗು ಜೊತೆಗಿದ್ದರೆ ಮಾತು ಬೇರೆ. 'ನಾವೆಲ್ಲ ಒಟ್ಟಿಗೆ ಕೂರಲು ಆಗುತ್ತದೋ ಇಲ್ಲವೋ' ಎಂಬ ಚಿಂತೆ ಟಿಕೆಟ್ ತೆಗೆದ ದಿನದಿಂದಲೇ ಶುರುವಾಗುತ್ತದೆ. ಆ ಪ್ರಶ್ನೆಯನ್ನೇ ಸ್ವಲ್ಪ ಬದಲಿಸಿಕೊಂಡರೆ ಅರ್ಧ ಚಿಂತೆ ಕಳೆಯುತ್ತದೆ. ಮನೆಯವರೆಲ್ಲ ಒಂದೇ ಸಾಲಿನಲ್ಲಿ ಇರಲೇಬೇಕೆಂದಿಲ್ಲ. ಪ್ರತಿ ಚಿಕ್ಕ ಮಗುವೂ ದೊಡ್ಡವರೊಬ್ಬರ ಕೈಗೆಟುಕುವ ದೂರದಲ್ಲಿ ಇದ್ದರೆ ಸಾಕು.

ಕೈಗೆಟುಕುವ ದೂರ ಎಂದು ಒತ್ತಿ ಹೇಳಲು ಕಾರಣವಿದೆ. 35,000 ಅಡಿ ಎತ್ತರದಲ್ಲಿ ಕ್ಯಾಬಿನ್‌ನ ಒತ್ತಡ ಹೋದರೆ ಮನುಷ್ಯನಿಗೆ ಬುದ್ಧಿ ಸರಿಯಾಗಿ ಕೆಲಸ ಮಾಡುವುದು ಸುಮಾರು 30ರಿಂದ 60 ಸೆಕೆಂಡ್ ಮಾತ್ರ. ಅಷ್ಟರೊಳಗೆ ದೊಡ್ಡವರು ತಮ್ಮ ಮಾಸ್ಕ್ ಹಾಕಿಕೊಂಡು ಮಗುವಿಗೂ ಹಾಕಬೇಕು. ನಾಲ್ಕು ಸಾಲು ಆಚೆ ಕೂತ ಮಗುವಿಗೆ ಹಾಕುವುದು ಸಾಧ್ಯವೇ ಇಲ್ಲ. ಇನ್ನು ತುರ್ತಾಗಿ ವಿಮಾನ ಖಾಲಿ ಮಾಡಬೇಕಾದರೆ? ಅರ್ಧದಷ್ಟು ಬಾಗಿಲುಗಳಿಂದ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬೀಳುವಂತೆ ವಿಮಾನಗಳನ್ನು ಪರೀಕ್ಷಿಸಿ ಪ್ರಮಾಣೀಕರಿಸುತ್ತಾರೆ. ದೂರ ಕೂತ ತಂದೆ ತಾಯಿ ಮಗುವನ್ನು ಹುಡುಕುತ್ತ ಜನರ ಹರಿವಿಗೆ ಎದುರಾಗಿ ನಡೆದರೆ ಅವರ ಜೊತೆಗೆ ಹಿಂದಿನವರಿಗೂ ದಾರಿ ಕಟ್ಟಿಹೋಗುತ್ತದೆ. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರದ ಮಾರ್ಗಸೂಚಿ ಇದನ್ನೇ ಹೇಳುತ್ತದೆ: ಮಗು ದೊಡ್ಡವರ ಸಾಲಿನಲ್ಲೇ ಇರಲಿ, ಆಗದಿದ್ದರೆ ಒಂದು ಸಾಲಿಗಿಂತ ಹೆಚ್ಚು ದೂರ ಬೇಡ. ಗೇಟಿನಲ್ಲಿ ಸಿಬ್ಬಂದಿಯ ಜೊತೆ ಮಾತಾಡುವಾಗ ಈ ಅಳತೆ ನೆನಪಿರಲಿ. 'ನಾವು ನಾಲ್ವರೂ ಒಟ್ಟಿಗೆ ಬೇಕು' ಅಂದರೆ ಅವರಿಗೆ ಕಷ್ಟ. 'ಇಬ್ಬಿಬ್ಬರಂತೆ ಎರಡು ಜೋಡಿ ಸಾಕು' ಅಂದರೆ ಕೆಲಸ ಬೇಗ ಆಗುತ್ತದೆ.

ಸೀಟ್ ನಂಬರ್ ಕೊಡದೆ ಹತ್ತಿಸುವ ಈ ಪದ್ಧತಿಯನ್ನು ಅತಿ ದೊಡ್ಡ ಪ್ರಮಾಣದಲ್ಲಿ ನಡೆಸಿದ್ದು ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್. 1971ರಲ್ಲಿ ಹಾರಾಟ ಶುರು ಮಾಡಿದ ಆ ಸಂಸ್ಥೆ 2026ರ ಜನವರಿ 27ರಿಂದ ಸೀಟ್ ನಂಬರ್ ಕೊಡಲು ತೊಡಗಿತು. ಯುರೋಪಿನಲ್ಲಿ ಈಸಿಜೆಟ್ 2012ರಲ್ಲಿ, ರಯಾನ್‌ಏರ್ 2014ರಲ್ಲಿ ಇದೇ ದಾರಿ ಹಿಡಿದಿದ್ದವು. ಹಾಗೆಂದು ವಿಷಯ ಹಳೆಯದಾಯಿತು ಅಂದುಕೊಳ್ಳಬೇಡಿ. ಹೊರಡುವ ಹೊತ್ತಿಗೆ ವಿಮಾನ ಬದಲಾಗಿ 'ಫ್ರೀ ಸೀಟಿಂಗ್' ಎಂದು ಘೋಷಿಸುವುದು ಈಗಲೂ ಉಂಟು. ಅಗ್ಗದ ಟಿಕೆಟಿನಲ್ಲಿ ಚೆಕ್-ಇನ್ ಆಗುವವರೆಗೂ ಸೀಟು ಗೊತ್ತಾಗದಿರುವುದಂತೂ ದಿನನಿತ್ಯದ ಮಾತು. ಸೌತ್‌ವೆಸ್ಟ್‌ನ ಸಾಲಿನಲ್ಲಿ ನಿಂತು ಕುಟುಂಬಗಳು ಕಲಿತದ್ದು ಅಲ್ಲೆಲ್ಲ ಹಾಗೇ ಉಪಯೋಗಕ್ಕೆ ಬರುತ್ತದೆ.

ವಿಮಾನ ಹತ್ತುವ ಕ್ಯೂನ ಲೆಕ್ಕ ತಿಳಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಸೌತ್‌ವೆಸ್ಟ್‌ನಲ್ಲಿ ಪ್ರಯಾಣಿಕರಿಗೆ ಎ, ಬಿ, ಸಿ ಎಂಬ ಗುಂಪು, ಪ್ರತಿ ಗುಂಪಿನಲ್ಲಿ 1ರಿಂದ 60ರವರೆಗೆ ಸ್ಥಾನ ಇರುತ್ತಿತ್ತು. ಆ ಕ್ರಮದಲ್ಲಿ ಒಳಗೆ ಹೋಗಿ ಖಾಲಿ ಇದ್ದಲ್ಲಿ ಕೂರುವುದು. ಅವರ ಬೋಯಿಂಗ್ 737-800ರಲ್ಲಿ 175 ಸೀಟು, ಅಂದರೆ ಮೂರು ಮೂರರಂತೆ ಸುಮಾರು 30 ಸಾಲು. ಒಬ್ಬೊಬ್ಬರೇ ಬರುವವರು ಕಿಟಕಿ ಇಲ್ಲವೇ ಐಲ್ (ಓಡಾಡುವ ದಾರಿಯ ಪಕ್ಕದ) ಸೀಟು ಹಿಡಿಯುತ್ತಾರೆ, ನಡುವಿನದನ್ನು ಬಿಡುತ್ತಾರೆ. ಒಂದು ಸಾಲಿನಲ್ಲಿ ಅಂಥ ಸೀಟು ನಾಲ್ಕು. ಎ ಗುಂಪಿನ 60 ಜನ ಮುಂದಿನಿಂದ ತುಂಬುತ್ತ ಹೋದರೆ 15 ಸಾಲು ಒಡೆದುಹೋಗುತ್ತದೆ, ಅಂದರೆ ಅಲ್ಲಿ ಜೋಡಿ ಸೀಟು ಉಳಿಯುವುದಿಲ್ಲ. ಬಿ ಗುಂಪಿನ 60 ಜನವೂ ಕೂತರೆ ಉಳಿದ 15 ಸಾಲೂ ಹೋಯಿತು. ಆಮೇಲೆ ಬರುವ ಸಿ ಗುಂಪಿಗೆ ಉಳಿಯುವುದು ನಡುವಿನ ಸೀಟುಗಳು ಮಾತ್ರ. ಲೆಕ್ಕ ಒರಟು, ಜೋಡಿಯಾಗಿ ಕೂರುವವರೂ ಇರುತ್ತಾರೆ, ನಿಜ. ಆದರೂ ಜೋಡಿ ಸೀಟು ಎಲ್ಲಿಯವರೆಗೆ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಅಂದಾಜು ಇಲ್ಲ.

ಸೌತ್‌ವೆಸ್ಟ್‌ನಲ್ಲಿ 6 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಗು ಇದ್ದರೆ, ಇಬ್ಬರು ದೊಡ್ಡವರವರೆಗೆ, ಎ ಮುಗಿದು ಬಿ ಶುರುವಾಗುವ ಮುಂಚೆ ಮಗುವಿನ ಜೊತೆ ಹತ್ತಬಹುದಿತ್ತು. ಇದಕ್ಕೆ ಫ್ಯಾಮಿಲಿ ಬೋರ್ಡಿಂಗ್ ಅನ್ನುತ್ತಿದ್ದರು. ಮೇಲಿನ ಲೆಕ್ಕಕ್ಕೆ ಇದನ್ನು ಹೊಂದಿಸಿ ನೋಡಿ: ಒಳಗೆ ಕಾಲಿಟ್ಟಾಗ ಮುಂದಿನ ಅರ್ಧ ಒಡೆದಿರುತ್ತದೆ, ಹಿಂದಿನ ಅರ್ಧ ಹೆಚ್ಚುಕಡಿಮೆ ಖಾಲಿ. ಇಲ್ಲಿ ಕುಟುಂಬಗಳು ಮಾಡುವ ತಪ್ಪು ಒಂದೇ. ಬಾಗಿಲಿನಿಂದ ನಾಲ್ಕನೇ ಸಾಲಿನಲ್ಲೇ ನಿಂತು 'ಇಲ್ಲಿ ಎರಡಿದೆ, ಅಲ್ಲಿ ಒಂದಿದೆ' ಎಂದು ಎಣಿಸತೊಡಗುತ್ತಾರೆ. ಹಿಂದೆ ಬಿ ಗುಂಪಿನ ಸಾಲು ಬಂದು ಒತ್ತುತ್ತದೆ, ಮಗು ಅಳುತ್ತದೆ, ಕೊನೆಗೆ ಸಿಕ್ಕಲ್ಲಿ ಚದುರಿ ಕೂರುತ್ತಾರೆ. ಮುಂದಿನ ಸಾಲುಗಳನ್ನು ನೋಡಲೇಬೇಡಿ. ರೆಕ್ಕೆ ದಾಟುವವರೆಗೆ ನಿಲ್ಲದೆ ನಡೆಯಿರಿ, ಆಮೇಲೆ ಆರಿಸಿಕೊಳ್ಳಿ. ಮಕ್ಕಳಿದ್ದವರಿಗೆ ವಿಮಾನದ ಹಿಂಭಾಗವೇ ಒಳ್ಳೆಯದು. ಇಳಿಯುವುದು ಹತ್ತು ನಿಮಿಷ ತಡವಾಗಬಹುದು, ಆದರೆ ಶೌಚಾಲಯ ಹತ್ತಿರ, ಸಿಬ್ಬಂದಿ ಹತ್ತಿರ, ಸುತ್ತ ಕೂತವರೂ ಬಹುಪಾಲು ಮಕ್ಕಳೊಂದಿಗರೇ. ತೀರಾ ಕೊನೆಯ ಸಾಲು ಮಾತ್ರ ಬೇಡ. ಅಲ್ಲಿ ಸೀಟು ಹಿಂದಕ್ಕೆ ಬಾಗದಿರಬಹುದು, ಶೌಚಾಲಯಕ್ಕೆ ಕಾಯುವವರು ಮಗುವಿನ ತಲೆಯ ಪಕ್ಕದಲ್ಲೇ ನಿಲ್ಲುತ್ತಾರೆ.

ನಿಮ್ಮ ಸ್ಥಾನ ಎ ಗುಂಪಿನಲ್ಲೇ ಇದ್ದರೆ ಫ್ಯಾಮಿಲಿ ಬೋರ್ಡಿಂಗ್‌ಗೆ ಕಾಯಬೇಕಿಲ್ಲ, ಎ ಜೊತೆಗೇ ಹೋಗಿ. ಒಬ್ಬರಿಗೆ ಎ, ಉಳಿದವರಿಗೆ ಬಿ ಬಂದಿದ್ದರೆ ಮುಂದಿರುವವರು ಹಿಂದೆ ಬರಬಹುದು, ಹಿಂದಿರುವವರು ಮುಂದೆ ಹೋಗುವಂತಿಲ್ಲ. ಆಗ ಎ ಇದ್ದವರೂ ಕಾದು ಮಕ್ಕಳ ಜೊತೆ ಬರುವುದೇ ಸರಿ. ಒಬ್ಬರು ಮೊದಲೇ ಓಡಿ ಇಡೀ ಸಾಲಿಗೆ ಬ್ಯಾಗು, ಜಾಕೆಟ್ ಹರಡಿ 'ಇದು ನಮ್ಮದು' ಅನ್ನುವುದನ್ನು ಸೌತ್‌ವೆಸ್ಟ್ ನಿಷೇಧಿಸಿರಲಿಲ್ಲ, ಒಪ್ಪಿಯೂ ಇರಲಿಲ್ಲ. ಆದ್ದರಿಂದಲೇ ಅಲ್ಲಿ ಜಗಳ ಹೆಚ್ಚಿತ್ತು. ಪಕ್ಕದ ಒಂದು ಸೀಟನ್ನು, ಅದೂ ಹಿಂಭಾಗದಲ್ಲಿ, ಕೆಲವು ನಿಮಿಷ ಹಿಡಿದಿಟ್ಟರೆ ಯಾರೂ ಬೇಸರಿಸುವುದಿಲ್ಲ. ನಾಲ್ಕು ಸೀಟು ಹಿಡಿದರೆ ಬೇಸರಿಸುತ್ತಾರೆ, ಬೇಸರಿಸುವುದು ನ್ಯಾಯವೂ ಹೌದು. ಆರು ದಾಟಿದ ಅಣ್ಣನೋ ಅಕ್ಕನೋ ಜೊತೆಗಿದ್ದರೆ ಅವರೂ ತಮ್ಮ ತಂಗಿಯ ಜೊತೆ ಬರಬಹುದೇ ಎಂದು ಗೇಟಿನವರನ್ನು ಹತ್ತುವ ಮೊದಲೇ ಕೇಳಿಟ್ಟುಕೊಳ್ಳಿ. ಸಾಲಿನ ಬಾಯಲ್ಲಿ ಕೇಳಿದರೆ ಹೌದು ಅನ್ನುವ ಮನಸ್ಸಿದ್ದವರೂ ಅವಸರದಲ್ಲಿ ಇಲ್ಲ ಅಂದುಬಿಡುತ್ತಾರೆ.

ಮಕ್ಕಳು ಏಳು ತುಂಬಿದವರೇ ಆಗಿದ್ದರೆ ಈ ಅನುಕೂಲ ಇರಲಿಲ್ಲ. ಅವರಿಗೆ ಎಲ್ಲವೂ ಚೆಕ್-ಇನ್ ಮೇಲೆ ನಿಂತಿತ್ತು. ಹೊರಡುವ ಸಮಯಕ್ಕೆ ಸರಿಯಾಗಿ 24 ಗಂಟೆ ಮುಂಚೆ ಚೆಕ್-ಇನ್ ತೆರೆಯುತ್ತಿತ್ತು, ಒತ್ತಿದವರ ಕ್ರಮದಲ್ಲಿ ಸ್ಥಾನ ಸಿಗುತ್ತಿತ್ತು. ಐದು ನಿಮಿಷ ಮೊದಲೇ ಬುಕಿಂಗ್ ಸಂಖ್ಯೆ, ಹೆಸರು ತುಂಬಿ ಸಿದ್ಧವಾಗಿರಿ. ಸಮಯ ಲೆಕ್ಕ ಹಾಕುವಾಗ ಎಡವುವುದು ಎರಡು ಕಡೆ. ಒಂದು, ಗಡಿಯಾರ ಹೊರಡುವ ಊರಿನದು. ನೀವಿರುವ ಊರಿನ ಸಮಯ ಬೇರೆಯಿದ್ದರೆ ಗಂಟೆಗಟ್ಟಲೆ ತಪ್ಪುತ್ತದೆ. ಎರಡು, ನಡುವೆ ವಿಮಾನ ಬದಲಿಸುವ ಪ್ರಯಾಣವಾದರೆ ಮೊದಲ ವಿಮಾನದ 24 ಗಂಟೆಗೇ ಎರಡನೆಯದಕ್ಕೂ ಚೆಕ್-ಇನ್ ಆಗುತ್ತದೆ. ಎರಡನೆಯದಕ್ಕೆ ಬೇರೆ ಕಾಯುತ್ತ ಕೂರಬೇಡಿ. ಹಿಂತಿರುಗುವ ಪ್ರಯಾಣಕ್ಕೆ ಮಾತ್ರ ಬೇರೆ ಅಲಾರಂ ಬೇಕು, ಅದು ಮರೆಯುವುದೇ ಹೆಚ್ಚು, ಏಕೆಂದರೆ ಆ ಹೊತ್ತಿಗೆ ಮಕ್ಕಳನ್ನು ಕಟ್ಟಿಕೊಂಡು ಎಲ್ಲೋ ತಿರುಗಾಡುತ್ತಿರುತ್ತೀರಿ.

ಮನೆಯವರೆಲ್ಲರ ಟಿಕೆಟ್ ಒಂದೇ ಬುಕಿಂಗ್‌ನಲ್ಲಿರಲಿ. ಒಂದೇ ಗುಂಡಿ ಒತ್ತಿದರೆ ಎಲ್ಲರಿಗೂ ಒಂದರ ಹಿಂದೆ ಒಂದು ಸ್ಥಾನ ಬರುತ್ತದೆ. ಅಜ್ಜಿಯ ಟಿಕೆಟ್ ವಿಮಾನ ಸಂಸ್ಥೆಯ ಬಹುಮಾನ ಪಾಯಿಂಟ್ಸ್‌ನಲ್ಲಿ, ಮಕ್ಕಳದ್ದು ಕಾರ್ಡಿನಲ್ಲಿ ಎಂದು ಒಡೆದರೆ ಒಬ್ಬರನ್ನು ಚೆಕ್-ಇನ್ ಮಾಡುವಷ್ಟರಲ್ಲಿ ಇನ್ನೊಬ್ಬರ ಸ್ಥಾನ ಎಷ್ಟೋ ಕೆಳಗೆ ಇಳಿದಿರುತ್ತದೆ. ಸೀಟ್ ನಂಬರ್ ಇರುವ ಸಂಸ್ಥೆಗಳಲ್ಲೂ ಇದು ಮುಖ್ಯ. ಕುಟುಂಬವನ್ನು ಒಟ್ಟಿಗೆ ಕೂರಿಸುವ ಗಣಕ ವ್ಯವಸ್ಥೆಗೆ ಒಂದೇ ಬುಕಿಂಗ್‌ನಲ್ಲಿದ್ದವರಷ್ಟೇ ಒಂದು ಕುಟುಂಬ. ಹಣ ಕೊಟ್ಟರೆ 36 ಗಂಟೆ ಮುಂಚೆ ತಾನಾಗಿ ಚೆಕ್-ಇನ್ ಆಗುವ ಸೌಲಭ್ಯವೂ ಸೌತ್‌ವೆಸ್ಟ್‌ನಲ್ಲಿತ್ತು, ತಲೆಗೆ ಇಷ್ಟು, ಒಂದೊಂದು ದಿಕ್ಕಿಗೂ ಇಷ್ಟು ಎಂದು. ಆರರೊಳಗಿನ ಮಗು ಇದ್ದವರಿಗೆ ಅದು ದಂಡ. ಎಂಟು ಹತ್ತು ವರ್ಷದ ಇಬ್ಬರು ಮಕ್ಕಳಿದ್ದು, ವಿಮಾನವೂ ತುಂಬಿರುವ ರಜೆಯ ದಿನವಾದರೆ ಮಾತ್ರ ಇಂಥದ್ದಕ್ಕೆ ಹಣ ಹಾಕಬಹುದು.

ಇನ್ನು ಕೂರುವ ಜೋಡಣೆ. ಇಬ್ಬರು ದೊಡ್ಡವರು, ಒಂದು ಮಗು: ಒಂದು ಬದಿಯ ಮೂರು ಸೀಟು, ಮುಗಿಯಿತು. ಇಬ್ಬರು ಮಕ್ಕಳಿದ್ದರೆ ನಾಲ್ಕನೆಯವರು ಐಲ್‌ನ ಆಚೆ ಬದಿಗೆ ಕೂರುವುದು ಸಾಮಾನ್ಯ. ಅದಕ್ಕಿಂತ ಚೆನ್ನಾದದ್ದು ಒಂದರ ಹಿಂದೊಂದು ಎರಡು ಸಾಲು, ಎರಡರಲ್ಲೂ ಕಿಟಕಿ ಮತ್ತು ನಡುವಿನ ಸೀಟು. ಹಿಂದಿನ ಮಗು ಕಾಲಿನಿಂದ ಒದೆಯುವುದು ನಿಮ್ಮವರದ್ದೇ ಬೆನ್ನಿಗೆ, ಸೀಟು ಬಾಗಿಸುವಾಗಲೂ ಯಾರ ಮುಲಾಜೂ ಇಲ್ಲ, ಸಂದಿನಲ್ಲಿ ಬಿಸ್ಕತ್ತು ಆಟಿಕೆ ದಾಟಿಸಬಹುದು. ನಡುವಿನ ಸೀಟುಗಳು ತುಂಬುವುದು ಕೊನೆಗೆ, ಹಾಗಾಗಿ ಐಲ್‌ನಲ್ಲಿ ಮಾತ್ರ ಒಬ್ಬರು ಕೂತ ಸಾಲಿನಲ್ಲೂ ಇಂಥ ಜೋಡಿ ಸಿಗಬಹುದು. ಒಬ್ಬರೇ ದೊಡ್ಡವರು, ಮೂವರು ಮಕ್ಕಳು ಎಂದಾದರೆ ಚಿಕ್ಕವರಿಬ್ಬರು ಕಿಟಕಿ ಮತ್ತು ನಡುವೆ, ದೊಡ್ಡವರು ಐಲ್‌ನಲ್ಲಿ, ಎಲ್ಲರಿಗಿಂತ ಹಿರಿಯ ಮಗು ಐಲ್‌ನ ಆಚೆ ಬದಿಯ ಸೀಟಿನಲ್ಲಿ.

ಚಿಕ್ಕ ಮಕ್ಕಳನ್ನು ಐಲ್ ಸೀಟಿನಲ್ಲಿ ಕೂರಿಸಬೇಡಿ. ಹೊರಗೆ ಚಾಚಿದ ಮೊಣಕೈಗೆ, ಕಾಲಿಗೆ ಟ್ರಾಲಿ ಬಡಿಯುತ್ತದೆ. ಬಿಸಿ ಪಾನೀಯ ದಾಟಿಸುವುದು ಆ ಸೀಟಿನ ಮೇಲಿಂದಲೇ. ಒಂದು ಲೋಟ ಬಿಸಿನೀರು ಮಗುವಿನ ಮೈಮೇಲೆ ಬಿದ್ದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ತಲೆ ಮೇಲಿನ ಬಿನ್ ತೆರೆದಾಗ ಏನಾದರೂ ಜಾರಿದರೆ ಬೀಳುವುದೂ ಅಲ್ಲಿಗೇ.

ಎಲ್ಲಿ ಕೂರುವಂತಿಲ್ಲ ಎಂಬುದೂ ಗೊತ್ತಿರಲಿ, ಕೂತ ಮೇಲೆ ಎಬ್ಬಿಸಿದರೆ ಆ ಹೊತ್ತಿಗೆ ಒಳ್ಳೆಯ ಸೀಟೆಲ್ಲ ಹೋಗಿರುತ್ತವೆ. ತುರ್ತು ನಿರ್ಗಮನದ ಸಾಲಿನಲ್ಲಿ ಮಕ್ಕಳಿಗೆ ಜಾಗವಿಲ್ಲ. ಅಮೆರಿಕದಲ್ಲಿ 15 ವರ್ಷ ಆಗಿರಬೇಕು. ಮುಂದೆ ಗೋಡೆ ಇರುವ ಮೊದಲ ಸಾಲು ಕಾಲು ಚಾಚಲು ಚೆನ್ನಾಗಿ ಕಂಡರೂ, ಟ್ರೇ ಕೈಹಿಡಿಯೊಳಗೆ ಅಡಗಿರುವುದರಿಂದ ಆ ಕೈಹಿಡಿ ಮೇಲೇಳುವುದಿಲ್ಲ, ಮಗುವನ್ನು ಅಡ್ಡ ಮಲಗಿಸಲಾಗುವುದಿಲ್ಲ. ಮುಂದೆ ಸೀಟೇ ಇಲ್ಲದ್ದರಿಂದ ಡೈಪರ್ ಬ್ಯಾಗನ್ನೂ ಹಾರುವಾಗ ಇಳಿಯುವಾಗ ಬಿನ್‌ನಲ್ಲಿಡಬೇಕು.

ಮಡಿಲ ಮೇಲೆ ಕೂರುವ ಕೂಸಿನ ವಿಷಯದಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ನಿಯಮವೊಂದಿದೆ. ಒಂದು ಬದಿಯ ಮೂರು ಸೀಟಿನಲ್ಲಿ ಮಡಿಲ ಕೂಸು ಒಂದೇ ಇರಬಹುದು. ಕಾರಣ ಆಮ್ಲಜನಕದ ಮಾಸ್ಕ್. 737ರಲ್ಲಿ ಮೂರು ಸೀಟಿಗೆ ನಾಲ್ಕು ಮಾಸ್ಕ್ ಇರುತ್ತವೆ, ಆ ಹೆಚ್ಚಿನದು ಕೂಸಿಗೆ. ಎರಡು ಕೂಸು ಕೂತರೆ ಒಬ್ಬರಿಗೆ ಮಾಸ್ಕ್ ಇಲ್ಲ. ಎಲ್ಲ ಬಗೆಯ ವಿಮಾನಗಳಲ್ಲಿ ಎಲ್ಲ ಸಾಲಿಗೂ ಹೆಚ್ಚಿನ ಮಾಸ್ಕ್ ಇರುವುದಿಲ್ಲ ಕೂಡ. ಅವಳಿ ಮಕ್ಕಳಿದ್ದ ತಂದೆ ತಾಯಿ ಅಕ್ಕಪಕ್ಕ ಕೂತು ನೆಮ್ಮದಿಯಾದ ಮೇಲೆ ಸಿಬ್ಬಂದಿ ಬಂದು ಒಬ್ಬರನ್ನು ಎಬ್ಬಿಸುತ್ತಾರೆ, ಆಗ ಉಳಿದಿರುವುದು ಹತ್ತು ಸಾಲು ಆಚೆಯ ನಡುವಿನ ಸೀಟು. ಮೊದಲಿನಿಂದಲೇ ಐಲ್‌ನ ಈಚೆ ಒಬ್ಬರು, ಆಚೆ ಒಬ್ಬರು ಕೂತರೆ ತೊಂದರೆಯೇ ಇಲ್ಲ.

ಮಗುವಿಗೆ ಟಿಕೆಟ್ ತೆಗೆದು ಕಾರ್ ಸೀಟ್ (ಮಗುವನ್ನು ಕಟ್ಟಿ ಕೂರಿಸುವ ಪುಟ್ಟ ಸೀಟು) ಒಯ್ಯುವವರಿಗೆ ಬೇಗ ಹತ್ತುವುದು ಅನಿವಾರ್ಯ, ಏಕೆಂದರೆ ಅದಕ್ಕೆ ಕಿಟಕಿ ಸೀಟೇ ಬೇಕು. ನಡುವೆಯೋ ಐಲ್‌ನಲ್ಲೋ ಕಟ್ಟಿದರೆ ಒಳಗಿನವರು ಹೊರಬರುವ ದಾರಿ ಮುಚ್ಚುತ್ತದೆ. ಅಮೆರಿಕದ ವಿಮಾನಗಳಲ್ಲಿ ನಿರ್ಗಮನದ ಸಾಲು, ಅದರ ಹಿಂದಿನ ಮತ್ತು ಮುಂದಿನ ಸಾಲು, ಮೂರೂ ಕಡೆ ಕಟ್ಟುವಂತಿಲ್ಲ. ಮೋಟಾರು ವಾಹನ ಮತ್ತು ವಿಮಾನ ಎರಡಕ್ಕೂ ಪ್ರಮಾಣೀಕೃತ ಎಂಬ ಕೆಂಪು ಅಕ್ಷರದ ಚೀಟಿ ಅದರ ಮೇಲಿರಬೇಕು. ಚೀಟಿ ಇರುವ ಜಾಗದ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ, ಮಗುವನ್ನು ಕಟ್ಟಿದ ಮೇಲೆ ಸಿಬ್ಬಂದಿ ಕೇಳಿದರೆ ಮತ್ತೆ ಬಿಚ್ಚುವ ಪಾಡು ತಪ್ಪುತ್ತದೆ. ಅಗಲ 16 ಇಂಚಿನೊಳಗಿದ್ದರೆ ಬಹುತೇಕ ವಿಮಾನಗಳಲ್ಲಿ ಹಿಡಿಸುತ್ತದೆ. ಬರೀ ಕುಳಿತುಕೊಳ್ಳುವ ಎತ್ತರ ಹೆಚ್ಚಿಸುವ ಬೂಸ್ಟರ್ ಸೀಟನ್ನು ಹಾರುವಾಗ, ಇಳಿಯುವಾಗ ಬಳಸಲು ಬಿಡುವುದಿಲ್ಲ. ಹಿಮ್ಮುಖವಾಗಿ ಕಟ್ಟುವ ಕಾರ್ ಸೀಟ್ ಆದರೆ ಅದರ ಮುಂದಿನ ಸೀಟು ಹಿಂದಕ್ಕೆ ಬಾಗದು. ಅಲ್ಲಿ ನಿಮ್ಮವರೇ ಕೂತರೆ ಯಾರ ಗೊಣಗಾಟವೂ ಇಲ್ಲ, ಸೀಟ್ ನಂಬರ್ ಇಲ್ಲದ ವಿಮಾನದಲ್ಲಿ ಹೀಗೆ ಆರಿಸಿಕೊಳ್ಳಬಹುದು ಎಂಬುದು ಈ ಪದ್ಧತಿಯ ನಿಜವಾದ ಲಾಭ. ಕಾರ್ ಸೀಟ್ ಬದಲು ಮಗುವನ್ನು ಸೀಟಿಗೆ ಕಟ್ಟುವ ಕೇರ್ಸ್ ಎಂಬ ಬೆಲ್ಟೂ ಇದೆ. 10ರಿಂದ 20 ಕಿಲೋ ತೂಕದ, ಒಂದು ಮೀಟರ್‌ವರೆಗಿನ ಎತ್ತರದ ಮಕ್ಕಳಿಗೆ. ಅದು ಸೀಟಿನ ಬೆನ್ನನ್ನು ಸುತ್ತಿ ಹಿಂದಿನವರ ಟ್ರೇಯ ಕೆಳಗೆ ಹಾದುಹೋಗುತ್ತದೆ. ಹಿಂದಿನವರು ಕೂರುವ ಮುಂಚೆ ಕಟ್ಟಿ ಮುಗಿಸಿದರೆ ಎರಡು ನಿಮಿಷದ ಕೆಲಸ, ಕೂತ ಮೇಲಾದರೆ ಅವರನ್ನು ಎಬ್ಬಿಸಬೇಕು.

ಸ್ಟ್ರೋಲರ್ (ಮಗುವಿನ ತಳ್ಳುಗಾಡಿ) ಇದ್ದವರು ಅದರ ಟ್ಯಾಗನ್ನು ಗೇಟಿಗೆ ಬಂದ ಕೂಡಲೇ ಕೌಂಟರಿನಲ್ಲಿ ಪಡೆಯಿರಿ. ವಿಮಾನದ ಬಾಗಿಲಲ್ಲಿ ಒಬ್ಬರು ಸ್ಟ್ರೋಲರ್ ಮಡಚುತ್ತಿರಲಿ, ಇನ್ನೊಬ್ಬರು ಮಕ್ಕಳೊಂದಿಗೆ ಮುಂದೆ ನಡೆದು ಸಾಲು ಹಿಡಿಯಲಿ. ಇಬ್ಬರೂ ಸ್ಟ್ರೋಲರ್ ಸುತ್ತ ನಿಂತರೆ ಅಷ್ಟರಲ್ಲಿ ಹತ್ತಾರು ಜನ ಪಕ್ಕದಲ್ಲಿ ಸರಿದು ಒಳಗೆ ಹೋಗಿರುತ್ತಾರೆ. ಲಗೇಜನ್ನು ನಿಮ್ಮ ಸೀಟಿನ ಮೇಲೋ ಅದಕ್ಕಿಂತ ಮುಂದೋ ಇಡಿ, ಹಿಂದೆ ಬೇಡ. ಇಳಿಯುವಾಗ ಜನರ ಎದುರಿಗೆ ಹಿಂದಕ್ಕೆ ಹೋಗಲಾಗದು, ಮಕ್ಕಳನ್ನು ಬಿಟ್ಟು ಹೋಗುವುದಂತೂ ಆಗದು. ಶೌಚಕ್ಕೆ ಕರೆದೊಯ್ಯುವುದು ಹತ್ತುವ ಅರ್ಧ ಗಂಟೆ ಮುಂಚೆ ಮುಗಿದಿರಬೇಕು. ಫ್ಯಾಮಿಲಿ ಬೋರ್ಡಿಂಗ್‌ನ ಕರೆ ಒಂದೇ ಸಲ, ಕೆಲವೇ ನಿಮಿಷ. ಆ ಹೊತ್ತಿಗೆ ಶೌಚಾಲಯದಲ್ಲಿದ್ದರೆ ಅನುಕೂಲ ಕೈತಪ್ಪಿತು. ಕಿಟಕಿ ಯಾರಿಗೆ ಎಂಬ ಪಂಚಾಯಿತಿಯನ್ನೂ ಗೇಟಿನಲ್ಲೇ ಮುಗಿಸಿಬಿಡಿ: ಹೋಗುವಾಗ ಒಬ್ಬರಿಗೆ, ಬರುವಾಗ ಇನ್ನೊಬ್ಬರಿಗೆ. ನಡುದಾರಿಯಲ್ಲಿ ಅದಲು ಬದಲು ಎಂದು ಮಾತು ಕೊಟ್ಟರೆ ಬೆಲ್ಟ್ ದೀಪ ಆರದೇ ಉಳಿದಾಗ ಕಷ್ಟ.

ಇಷ್ಟೆಲ್ಲ ಮಾಡಿಯೂ ಸಿ ಗುಂಪು ಬಂತು, ಅಥವಾ ಹಿಂದಿನ ವಿಮಾನ ತಡವಾಗಿ ಓಡಿಬಂದಿರಿ ಅನ್ನೋಣ. ಆಗ ಗೇಟಿನ ಸಿಬ್ಬಂದಿಗೆ ಹೇಳಿಯೇ ಒಳಗೆ ಹೋಗಿ: 'ನಾಲ್ಕು ವರ್ಷದ ಮಗು ಇದೆ, ಅದರ ಪಕ್ಕ ಒಬ್ಬರಿಗೆ ಜಾಗ ಬೇಕು.' ವಯಸ್ಸು ಮತ್ತು ಸಂಖ್ಯೆ, ಎರಡೇ ಹೇಳಿ. ಅವರು ಒಳಗಿನವರಿಗೆ ತಿಳಿಸುತ್ತಾರೆ. ಬಾಗಿಲಲ್ಲಿ ಕ್ಯಾಬಿನ್ ಸಿಬ್ಬಂದಿಗೂ ಅದನ್ನೇ ಹೇಳಿ. ಪ್ರಯಾಣಿಕರನ್ನು ನೀವೇ ಕೇಳುವುದಾದರೆ ಒಂಟಿಯಾಗಿ ಬಂದವರನ್ನು ಕೇಳಿ, ಕೊಡುವ ಸೀಟು ಅವರದ್ದಕ್ಕಿಂತ ಕಡಿಮೆಯದಾಗಿರಬಾರದು. ಐಲ್ ಕೊಟ್ಟು ಐಲ್ ಕೇಳಿ, ಕಿಟಕಿ ಕೊಟ್ಟು ನಡುವಿನದನ್ನು ಕೇಳಿ. ನಡುವಿನದನ್ನು ಕೊಟ್ಟು ಕಿಟಕಿ ಕೇಳುವುದು ವಿನಿಮಯವಲ್ಲ. ಮುಂದೆ ಕೂತವರನ್ನು ಹಿಂದಕ್ಕೆ ಕಳಿಸಬೇಡಿ, ಅವರಿಗೆ ಇನ್ನೊಂದು ವಿಮಾನ ಹಿಡಿಯುವುದಿರಬಹುದು. ಹಿಂದಿನವರನ್ನು ಮುಂದಕ್ಕೆ ಕರೆಯುವುದು ಸುಲಭ. ಇಲ್ಲ ಅಂದರೆ ಒತ್ತಾಯವಿಲ್ಲ, ಮುಂದಿನ ಸಾಲಿನವರನ್ನು ಕೇಳಿ. ಮಗುವನ್ನು ಅಪರಿಚಿತರ ಪಕ್ಕ ಕೂರಿಸಿ 'ಅವರೇ ಏಳುತ್ತಾರೆ ಬಿಡು' ಎಂದು ಕಾಯುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಅದು ಮಗುವನ್ನು ಮುಂದೊಡ್ಡಿ ಆಡುವ ಆಟ. ಮಾಡಬಾರದು.

ಏನೂ ಆಗದಿದ್ದರೆ ಅತಿ ಚಿಕ್ಕದು ಪಕ್ಕದಲ್ಲಿ, ಹತ್ತು ದಾಟಿದ್ದು ನಿಮ್ಮ ಮುಂದಿನ ಸಾಲಿನಲ್ಲಿ. ಹಿಂದಿನ ಸಾಲಿಗಿಂತ ಮುಂದಿನದು ಮೇಲು, ತಲೆ ಕಾಣುತ್ತಿರುತ್ತದೆ, ಕೈ ಚಾಚಿದರೆ ಹೆಗಲು ಸಿಗುತ್ತದೆ. ನಡುವೆ ಒಂದು ಊರಿನಲ್ಲಿ ಇಳಿದು ಮುಂದುವರಿಯುವ ವಿಮಾನವಾದರೆ ಸೌತ್‌ವೆಸ್ಟ್‌ನಲ್ಲಿ ಇನ್ನೊಂದು ಅವಕಾಶವೂ ಇತ್ತು: ಇಳಿಯುವವರು ಇಳಿದು, ಸಿಬ್ಬಂದಿ ತಲೆ ಎಣಿಸಿದ ಮೇಲೆ, ಹೊಸಬರು ಹತ್ತುವ ಮುಂಚೆ, ಒಳಗೇ ಉಳಿದವರು ಖಾಲಿ ಸೀಟುಗಳಿಗೆ ಬದಲಾಯಿಸಿಕೊಳ್ಳಬಹುದಿತ್ತು. ಮೊದಲ ಹಂತದಲ್ಲಿ ಚದುರಿದ ಕುಟುಂಬಗಳು ಎರಡನೆಯದರಲ್ಲಿ ಒಂದಾಗುತ್ತಿದ್ದುದು ಹೀಗೆ.

ವಿಮಾನ ಬದಲಾದ ದಿನದ ಮಾತು ಸ್ವಲ್ಪ ಬೇರೆ. ಸೀಟ್ ನಂಬರ್ ಇದ್ದ ಟಿಕೆಟ್ ಕೈಯಲ್ಲಿದೆ, ಬಂದಿರುವ ವಿಮಾನದಲ್ಲಿ ಆ ಸಾಲೇ ಇಲ್ಲ. ಪರದೆಯಲ್ಲಿ ವಿಮಾನ ಬದಲು ಎಂದು ಕಂಡ ಕೂಡಲೇ ಕೌಂಟರಿಗೆ ಹೋಗಿ, ಫ್ರೀ ಸೀಟಿಂಗ್ ಎಂದು ಘೋಷಿಸುವವರೆಗೆ ಕಾಯಬೇಡಿ. ಘೋಷಣೆಯ ನಂತರ ಅದೇ ಕೌಂಟರಿನ ಮುಂದೆ ಐವತ್ತು ಜನ ನಿಂತಿರುತ್ತಾರೆ. ಮಕ್ಕಳೊಂದಿಗರನ್ನು ಮೊದಲು ಬಿಡುತ್ತೀರಾ ಎಂದು ಕೇಳಿ, ಬಿಟ್ಟರೆ ರೆಕ್ಕೆಯ ಹಿಂದಕ್ಕೆ ನಡೆಯಿರಿ. ಹಳೆಯ ಬೋರ್ಡಿಂಗ್ ಪಾಸ್ ಎಸೆಯುವ ಮುಂಚೆ ಅದರ ಫೋಟೋ ತೆಗೆದಿಡಿ. ಸೀಟಿಗೆಂದು ಬೇರೆ ಹಣ ಕೊಟ್ಟಿದ್ದರೆ ವಾಪಸು ಕೇಳುವಾಗ ಯಾವ ಸೀಟು ಇತ್ತು ಎಂಬುದಕ್ಕೆ ಅದೇ ಆಧಾರ. ಹೊಸದಾಗಿ ಕೂತ ಸೀಟಿನ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ.